ಅರ್ಧ ದಿನ ರಜೆ ಹಾಕಿ ಬನ್ನಿ: ಪ್ಲೇಟ್‌ಲೆಟ್ ಕೊಟ್ಟ ಅನುಭವ

ರಕ್ತದಿಂದ ಪ್ಲೇಟ್‌ಲೆಟ್ ಅನ್ನುವ ಕಣಗಳನ್ನಷ್ಟೇ ಕೊಡೋದು ಹೇಗಿರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಮಾತಾಡುವುದು ಸೂಜಿಯ ಬಗ್ಗೆ ಅಲ್ಲ, ಸಮಯದ ಬಗ್ಗೆ. ರಕ್ತದಾನ ಶಿಬಿರಕ್ಕೆ ಹೋಗಿ ಅಭ್ಯಾಸ ಇರುವವರು ಇದನ್ನೂ ಹಾಗೇ ಅಂದುಕೊಂಡಿರುತ್ತಾರೆ. ಶಿಬಿರದಲ್ಲಿ ಏನು, ಫಾರಂ ತುಂಬಿ, ಬೆರಳು ಚುಚ್ಚಿಸಿಕೊಂಡು ಮಲಗಿದರೆ ಹತ್ತು ನಿಮಿಷಕ್ಕೆ ಚೀಲ ತುಂಬುತ್ತದೆ. ಒಂದು ಜ್ಯೂಸ್, ಎರಡು ಬಿಸ್ಕತ್ತು, ಸರ್ಟಿಫಿಕೇಟ್ ಹಿಡಿದು ಒಂದು ಫೋಟೊ, ಮತ್ತೆ ಆಫೀಸಿಗೆ. ಪ್ಲೇಟ್‌ಲೆಟ್ ಕೊಡಲು ಬೆಳಿಗ್ಗೆ ಹೋದರೆ ಈಚೆ ಬರುವಾಗ ಊಟದ ಹೊತ್ತು ಮೀರಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಿಮ್ಮ ಕೈಯಲ್ಲಿ ಸೂಜಿಯೇ ಇರುವುದಿಲ್ಲ. ಸುಮ್ನೆ ಕಾಯುತ್ತಿರುತ್ತೀರಿ.

ನನಗೆ ಮೊದಲ ಸಲ ಇದು ಒದಗಿ ಬಂದದ್ದು 2024ರ ಮಳೆಗಾಲದಲ್ಲಿ. ಬೆಂಗಳೂರಿನಲ್ಲಿ ಆಗ ಎಲ್ಲಿ ನೋಡಿದರೂ ಡೆಂಗಿಯದೇ ಮಾತು. ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ನೆನಪಿರಬಹುದು. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ‘ಅರ್ಜೆಂಟ್ ಪ್ಲೇಟ್‌ಲೆಟ್ ಬೇಕು’ ಅನ್ನುವ ಮೆಸೇಜುಗಳು ಬರುತ್ತಲೇ ಇದ್ದವು. ಇವುಗಳಲ್ಲಿ ಎಷ್ಟೋ ಹಳೆಯವು. ತಾರೀಖು ಇರುವುದಿಲ್ಲ, ಆಸ್ಪತ್ರೆಯ ಹೆಸರಿರುವುದಿಲ್ಲ. ಫೋನ್ ಮಾಡಿದರೆ “ಅಯ್ಯೋ, ಅವರು ಡಿಸ್ಚಾರ್ಜ್ ಆಗಿ ಎಷ್ಟೋ ದಿನ ಆಯ್ತಲ್ಲಾ” ಅನ್ನುತ್ತಾರೆ. ಕೆಲವು ಸಲ ಆ ಕಡೆಯವರ ದನಿ ಕೇಳಿದರೇ ಗೊತ್ತಾಗುತ್ತದೆ, ಪೇಷಂಟ್ ಉಳಿದಿಲ್ಲ ಅಂತ. ಆ ಮನೆಯವರಿಗೆ ದಿನಾ ಹೀಗೆ ಫೋನ್ ಬರುತ್ತಿದ್ದರೆ ಹೇಗಿರಬೇಡ? ಇಂಥ ಮೆಸೇಜ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಆ ನಂಬರಿಗೆ ಒಂದು ಫೋನ್ ಮಾಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಕಳಿಸಲೂಬೇಡಿ.

ನಾನು ಫೋನ್ ಮಾಡಿದ ನಂಬರಿನವರಿಗೆ ಪ್ಲೇಟ್‌ಲೆಟ್ ಇನ್ನೂ ಬೇಕಾಗಿತ್ತು. ಎತ್ತಿದವರು ರಾಯಚೂರು ಕಡೆಯವರು. ಡೆಂಗಿಯಾ ಅಂತ ಕೇಳಿದೆ.

“ಡೆಂಗಿ ಅಲ್ರೀ ಅಕ್ಕಾರ. ನನ್ನ ಮಗಗ ಬ್ಲಡ್ ಕ್ಯಾನ್ಸರ್ ಐತ್ರಿ. ಕೌಂಟ್ ಎಂಟು ಸಾವಿರಕ್ಕ ಇಳದೈತಿ ಅಂದಾರ್ರೀ. ಬಿ ಪಾಸಿಟಿವ್ ಬೇಕ್ರಿ.”

ಎಂಟು ಸಾವಿರ ಅಂದರೆ ಎಷ್ಟು ಕಡಿಮೆ ಅಂತ ಆಮೇಲೆ ತಿಳಿಯಿತು. ಆರೋಗ್ಯವಂತರ ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್ ಇರುತ್ತವೆ. ಗಾಯವಾದ ಕಡೆ ಮೊದಲು ಹೋಗಿ ಅಂಟಿಕೊಂಡು ರಕ್ತ ನಿಲ್ಲಿಸುವುದು ಇವೇ. ತುಂಬಾ ಜನ ಇವನ್ನು ಬಿಳಿ ರಕ್ತಕಣ ಅನ್ನುತ್ತಾರೆ. ಅವು ಬೇರೆ, ಇವು ಬೇರೆ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ, ಎಂಟು ಹತ್ತು ದಿನ ಬದುಕುತ್ತವೆ, ಹೊಸವು ಬರುತ್ತಲೇ ಇರುತ್ತವೆ. ರಕ್ತದ ಕ್ಯಾನ್ಸರ್ ಮಜ್ಜೆಯನ್ನೇ ಹಿಡಿಯುತ್ತದೆ. ಅದಕ್ಕೆ ಕೊಡುವ ಕೀಮೋ ಅಲ್ಲಿ ಉಳಿದ ಒಳ್ಳೆಯ ಕಣಗಳ ಕೆಲಸವನ್ನೂ ಕೆಲವು ವಾರ ನಿಲ್ಲಿಸಿಬಿಡುತ್ತದೆ. ಆಗ ಕೌಂಟ್ ಪಾತಾಳಕ್ಕಿಳಿಯುತ್ತದೆ. ಒಸಡಿನಲ್ಲಿ ರಕ್ತ, ಮೈಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಹತ್ತು ಸಾವಿರಕ್ಕಿಂತ ಕೆಳಗೆ ಹೋದರೆ ಏಟು ಬೀಳದೆಯೂ ಮಿದುಳಿನೊಳಗೆ ರಕ್ತ ಸೋರುವ ಭಯ ಇರುತ್ತದೆ. ಹಾಗಾಗಿ ಇಂಥವರಿಗೆ ರಕ್ತಸ್ರಾವ ಶುರುವಾಗುವ ತನಕ ಕಾಯದೆ ಪ್ಲೇಟ್‌ಲೆಟ್ ಏರಿಸುತ್ತಾರೆ.

ಡೆಂಗಿಯ ಲೆಕ್ಕ ಬೇರೆ. ಅಲ್ಲಿ ಕೌಂಟ್ ಇಳಿಯುವುದೂ ಬೇಗ, ತಾನಾಗಿ ಏರುವುದೂ ಬೇಗ. ರಕ್ತಸ್ರಾವ ಇಲ್ಲದಿದ್ದರೆ, ಹತ್ತು ಸಾವಿರಕ್ಕಿಂತ ಕೆಳಗಿಳಿಯದಿದ್ದರೆ, ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ. ಆದರೂ ಐವತ್ತು ಸಾವಿರ ಅಂತ ರಿಪೋರ್ಟ್ ನೋಡಿದ ಕೂಡಲೇ ಮನೆಯವರು ಗಾಬರಿಯಾಗಿ ಊರಿಗೆಲ್ಲ ಮೆಸೇಜ್ ಕಳಿಸುತ್ತಾರೆ. ಗಾಬರಿ ತಪ್ಪಲ್ಲ ಬಿಡಿ. ಆದರೆ ಡಾಕ್ಟರ್ ಬೇಕು ಅಂದಿದ್ದಾರಾ, ನೆಂಟರು ಬೇಕು ಅಂದಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಡೆಂಗಿ ಕಾಲದಲ್ಲಿ ಈ ನೂಕುನುಗ್ಗಲಿನಿಂದ ಕ್ಯಾನ್ಸರ್ ವಾರ್ಡಿನ ಮಕ್ಕಳಿಗೆ ದಾನಿಗಳು ಸಿಗುವುದು ಇನ್ನೂ ಕಷ್ಟವಾಗುತ್ತದೆ.

ಮೊದಲೇ ತೆಗೆದು ಇಟ್ಟುಕೊಳ್ಳಬಹುದಲ್ಲಾ ಅಂತ ನಾನೂ ಕೇಳಿದ್ದೆ. ಆಗುವುದಿಲ್ಲ. ಕೆಂಪು ರಕ್ತಕಣವನ್ನು ಫ್ರಿಜ್‌ನಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಇಡಬಹುದು. ಪ್ಲೇಟ್‌ಲೆಟ್ ಅನ್ನು 20ರಿಂದ 24 ಡಿಗ್ರಿಯಲ್ಲಿ, ಅಲುಗಾಡಿಸುತ್ತಲೇ ಇರುವ ಒಂದು ಕಪಾಟಿನಲ್ಲಿ ಇಡಬೇಕು. ಹಾಗೆ ಇಟ್ಟರೂ ಐದು ದಿನ ಅಷ್ಟೇ. ಆಮೇಲೆ ಚೆಲ್ಲಬೇಕು. ಸಾಲು ರಜೆ ಬಂತೆಂದರೆ ಬ್ಲಡ್ ಬ್ಯಾಂಕಿನವರಿಗೆ ತಲೆಬಿಸಿ. ದಸರೆಗೆ, ದೀಪಾವಳಿಗೆ ಅರ್ಧ ಬೆಂಗಳೂರು ಊರಿಗೆ ಹೋಗಿರುತ್ತದೆ. ಕೀಮೋ ವಾರ್ಡಿಗೆ ಹಬ್ಬದ ರಜೆ ಇಲ್ಲ.

ಇನ್ನೊಂದು ವಿಷಯ. ಶಿಬಿರದಲ್ಲಿ ಕೊಟ್ಟ ರಕ್ತದಿಂದಲೂ ಪ್ಲೇಟ್‌ಲೆಟ್ ಬೇರೆ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಅದಕ್ಕೆ ಆರ್‌ಡಿಪಿ (ರ‍್ಯಾಂಡಮ್ ಡೋನರ್ ಪ್ಲೇಟ್‌ಲೆಟ್) ಅಂತಾರೆ. ಒಂದು ಚೀಲ ರಕ್ತದಿಂದ ಸಿಗುವುದು ಸ್ವಲ್ಪ, ದೊಡ್ಡವರಿಗಾದರೆ ಒಂದು ಸಲಕ್ಕೆ ಐದಾರು ಜನರದು ಸೇರಿಸಿ ಏರಿಸಬೇಕು. ಯಂತ್ರದಲ್ಲಿ ಒಬ್ಬರಿಂದಲೇ ಅಷ್ಟನ್ನೂ ತೆಗೆಯುವುದು ಎಸ್‌ಡಿಪಿ (ಸಿಂಗಲ್ ಡೋನರ್ ಪ್ಲೇಟ್‌ಲೆಟ್). ಪದೇ ಪದೇ ಏರಿಸಬೇಕಾದವರಿಗೆ ಎಸ್‌ಡಿಪಿ ಒಳ್ಳೆಯದು. ಐದಾರು ಜನರ ಬದಲು ಒಬ್ಬರ ರಕ್ತದ ಜೊತೆ ಮಾತ್ರ ಮೈ ಹೊಂದಿಕೊಂಡರೆ ಸಾಕಲ್ಲ.

ಹೋಗುವ ಹಿಂದಿನ ದಿನ ಬ್ಲಡ್ ಬ್ಯಾಂಕಿನಿಂದಲೇ ಫೋನ್ ಬಂತು. ವಯಸ್ಸೆಷ್ಟು, ತೂಕ ಎಷ್ಟು, ಕೊನೆಯ ಸಲ ರಕ್ತ ಕೊಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದರು. ವಯಸ್ಸು 18ರಿಂದ 60ರೊಳಗೆ ಇರಬೇಕು, ತೂಕ 50 ಕೆಜಿಗಿಂತ ಜಾಸ್ತಿ ಇರಬೇಕು. ಮಾಮೂಲಿ ರಕ್ತದಾನ ಮಾಡಿದ್ದರೆ 28 ದಿನ ಕಳೆದಿರಬೇಕು. ಮೂರು ದಿನದಿಂದ ಈಚೆಗೆ ಡಿಸ್ಪ್ರಿನ್, ಇಕೋಸ್ಪ್ರಿನ್ ಏನಾದರೂ ನುಂಗಿದ್ದೀರಾ ಅಂತ ಎರಡೆರಡು ಸಲ ಕೇಳಿದರು. ಆಸ್ಪಿರಿನ್ ಇರುವ ಮಾತ್ರೆ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕೆಡಿಸುತ್ತದೆ. ಕೌಂಟ್ ಎಷ್ಟೇ ಚೆನ್ನಾಗಿದ್ದರೂ ಆ ಪ್ಲೇಟ್‌ಲೆಟ್‌ನಿಂದ ಪೇಷಂಟಿಗೆ ಉಪಯೋಗ ಇಲ್ಲ.

ಊಟದ ಬಗ್ಗೆಯೂ ಹೇಳಿದರು. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಆದರೆ ಎಣ್ಣೆ, ತುಪ್ಪ, ಬಿರಿಯಾನಿ, ಮಸಾಲೆ ದೋಸೆ ಬೇಡ. ಜಿಡ್ಡು ತಿಂದರೆ ರಕ್ತದ ಪ್ಲಾಸ್ಮಾ ಬೆಳ್ಳಗೆ ಮಬ್ಬಾಗುತ್ತದೆ, ಯಂತ್ರಕ್ಕೂ ಕಷ್ಟ, ಚೀಲವೂ ವೇಸ್ಟ್. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ನೀರು ಜಾಸ್ತಿ ಕುಡಿಯಿರಿ, ಹಾಲು ಕುಡಿಯುವ ಅಭ್ಯಾಸ ಇದ್ದರೆ ಒಂದು ಲೋಟ ಕುಡಿದು ಬನ್ನಿ ಅಂದರು. ಹಾಲು ಯಾಕೆ ಅಂತ ಆಗ ಅರ್ಥವಾಗಲಿಲ್ಲ. ಬೆಳಿಗ್ಗೆ ನಾಲ್ಕು ಇಡ್ಲಿ, ಒಂದು ಲೋಟ ಹಾಲು ಕುಡಿದು ಹೊರಟೆ.

ಬ್ಲಡ್ ಬ್ಯಾಂಕು ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹುಡುಗನ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ರಿಪೋರ್ಟುಗಳು, ಡಾಕ್ಟರ್ ಬರೆದ ರಿಕ್ವೆಸ್ಟ್ ಫಾರಂ. ಒಂದು ಚಿಕ್ಕ ನೋಟ್‌ಬುಕ್ ಬೇರೆ. ಯಾರು ಬರ್ತೀನಿ ಅಂದರು, ಯಾರು ಫೋನ್ ಎತ್ತಲಿಲ್ಲ ಅಂತ ಅದರಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು ಇಡೀ ಪುಟದಲ್ಲಿ ಎಲ್ಲ ಹೆಸರುಗಳ ಮೇಲೂ ಗೀಟು.

ಫಾರಂ ಉದ್ದ ಇರುತ್ತದೆ. ಕನ್ನಡದಲ್ಲೂ ಇರುತ್ತದೆ, ಕೇಳಿ ಪಡೆಯಿರಿ. ಒಂದೊಂದು ಪ್ರಶ್ನೆಯ ಹಿಂದೆಯೂ ಒಂದು ನಿಯಮ ಇದೆ. ಹಚ್ಚೆ ಹಾಕಿಸಿಕೊಂಡು ವರ್ಷ ತುಂಬಿರದಿದ್ದರೆ ವಾಪಸ್ ಕಳಿಸುತ್ತಾರೆ. ಡೆಂಗಿ ಬಂದು ಗುಣವಾಗಿ ಆರು ತಿಂಗಳು, ಮಲೇರಿಯಾ ಆಗಿದ್ದರೆ ಮೂರು ತಿಂಗಳು ಕಾಯಬೇಕು. ಹೆಂಗಸರಿಗೆ ಇನ್ನೂ ನಾಲ್ಕು ಪ್ರಶ್ನೆ ಜಾಸ್ತಿ. ಮುಟ್ಟಿನ ದಿನಗಳಲ್ಲಿ ತೆಗೆದುಕೊಳ್ಳುವುದಿಲ್ಲ, ಹೆರಿಗೆಯಾಗಿ ಒಂದು ವರ್ಷ ಆಗಿರಬೇಕು, ಮಗುವಿಗೆ ಹಾಲೂಡಿಸುತ್ತಿದ್ದರೆ ಬೇಡ. ಇದನ್ನೆಲ್ಲ ಒಳಗಿನ ಕೋಣೆಯಲ್ಲಿ ಡಾಕ್ಟರ್ ಒಬ್ಬರೇ ಕೂತು ಕೇಳುತ್ತಾರೆ. ಅಲ್ಲಿ ಸಂಕೋಚ ಪಡಬೇಡಿ. ಏನಾದರೂ ಮುಚ್ಚಿಟ್ಟರೆ ಅದರ ಫಲ ಉಣ್ಣುವುದು ಮೈಯಲ್ಲಿ ತಡೆದುಕೊಳ್ಳುವ ಶಕ್ತಿಯೇ ಇಲ್ಲದ ಒಂದು ಜೀವ.

ಆಮೇಲೆ ನರ ನೋಡುವ ಕಾರ್ಯಕ್ರಮ. ಮೊಣಕೈ ಒಳಭಾಗದಲ್ಲಿ ದಪ್ಪನೆಯ, ನೇರವಾದ ನರ ಇರಬೇಕು. ಮಾಮೂಲಿ ರಕ್ತದಾನದಲ್ಲಿ ನಡೆದುಹೋಗುವ ನರ ಇಲ್ಲಿ ಸಾಲುವುದಿಲ್ಲ, ಯಾಕೆಂದರೆ ಒಂದು ಗಂಟೆಗೂ ಮೇಲ್ಪಟ್ಟು ರಕ್ತ ಹೊರಗೆ ಬರಬೇಕು, ಒಳಗೂ ಹೋಗಬೇಕು. ಟೆಕ್ನಿಷಿಯನ್ ನನ್ನ ಎಡಗೈ ತಟ್ಟಿ ನೋಡಿದರು, ಬಲಗೈ ತಟ್ಟಿ ನೋಡಿದರು, ಮತ್ತೆ ಎಡಗೈಗೆ ಬಂದರು. “ಹೆಂಗಸರದು ಸಣ್ಣ ಇರುತ್ತೆ ಮೇಡಂ, ಅದಕ್ಕೇ ನಮ್ಮಲ್ಲಿ ಲೇಡೀಸ್ ಡೋನರ್ಸ್ ಕಡಿಮೆ. ನಿಮ್ದು ಪರವಾಗಿಲ್ಲ” ಅಂದರು. ಬಲಗೈಯದು ಆಯ್ಕೆಯಾಯಿತು. ಫೋನ್ ನೋಡುವ ಕೈ ಅದೇ. ಹೋಗಲಿ.

ಹೆಂಗಸರು ಕಡಿಮೆ ಇರುವುದಕ್ಕೆ ನರಕ್ಕಿಂತ ದೊಡ್ಡ ಕಾರಣ ಹಿಮೋಗ್ಲೋಬಿನ್. 12.5 ಇರಲೇಬೇಕು. ನಮ್ಮ ಕಡೆಯ ಎಷ್ಟು ಹೆಂಗಸರಿಗೆ ಅಷ್ಟಿರುತ್ತದೆ ಹೇಳಿ! ನನ್ನದು 12.9 ಬಂತು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯದು 11.4. ಪಾಪ, ಅವಳ ಮುಖ ಸಪ್ಪಗಾಯಿತು. “ನುಗ್ಗೆಸೊಪ್ಪು, ಖರ್ಜೂರ ತಿನ್ನಮ್ಮ, ಡಾಕ್ಟ್ರನ್ನ ಕೇಳಿ ಐರನ್ ಮಾತ್ರೆ ತಗೋ, ಮತ್ತೆ ಬಾ” ಅಂತ ಕೌಂಟರಿನ ಸಿಸ್ಟರ್ ಸಮಾಧಾನ ಮಾಡಿದರು.

ಎರಡು ಸಣ್ಣ ಟ್ಯೂಬಿನಲ್ಲಿ ಸ್ಯಾಂಪಲ್ ತೆಗೆದರು. ಇಲ್ಲಿಂದ ಶುರುವಾಗುತ್ತದೆ ಕಾಯುವ ಕೆಲಸ. ಮಾಮೂಲಿ ರಕ್ತದಾನದಲ್ಲಿ ರಕ್ತ ತೆಗೆದ ಮೇಲೆ ಪರೀಕ್ಷೆ. ಇಲ್ಲಿ ಪರೀಕ್ಷೆ ಆದ ಮೇಲೆ ದಾನ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಇವೆಲ್ಲ ನೆಗೆಟಿವ್ ಬರಬೇಕು. ರಕ್ತದ ಗುಂಪು ಮತ್ತೆ ನೋಡುತ್ತಾರೆ. ನಿಮ್ಮ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕು. ಯಂತ್ರಕ್ಕೆ ಹಾಕುವ ಕಿಟ್ ಒಂದೇ ಸಲ ಬಳಸುವಂಥದ್ದು, ಬೆಲೆ ಸಾವಿರಾರು ರೂಪಾಯಿ. ಅದನ್ನು ಒಡೆದ ಮೇಲೆ ರಿಪೋರ್ಟ್ ಸರಿಯಿಲ್ಲ ಅಂದರೆ ದುಡ್ಡೂ ಹೋಯಿತು, ಹೊತ್ತೂ ಹೋಯಿತು. ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಎಸ್‌ಡಿಪಿ ಚೀಲಕ್ಕೆ ಪೇಷಂಟ್ ಕಡೆಯವರು ಹತ್ತು ಸಾವಿರದ ಆಸುಪಾಸು ಕಟ್ಟುತ್ತಾರೆ. ದಾನಿ ಪುಕ್ಕಟೆ ಕೊಟ್ಟರೂ ಕಿಟ್ಟು, ಪರೀಕ್ಷೆ, ಯಂತ್ರ ಪುಕ್ಕಟೆ ಅಲ್ಲವಲ್ಲ.

ಎರಡು ಗಂಟೆ ಹೊರಗೆ ಬೆಂಚಿನ ಮೇಲೆ. ಹುಡುಗನ ಅಪ್ಪ ಪಕ್ಕದಲ್ಲಿ ಕೂತರು, ಆದರೆ ಪೂರ್ತಿ ಕೂರಲಿಲ್ಲ, ಬೆಂಚಿನ ಅಂಚಿಗೆ. ಊರಲ್ಲಿ ಎರಡು ಎಕರೆ ಭತ್ತದ ಗದ್ದೆಯಂತೆ. ಮೊದಲು ಜ್ವರ ಅಂದುಕೊಂಡಿದ್ದರಂತೆ, ಆಮೇಲೆ ರಾಯಚೂರಿನಲ್ಲಿ ತೋರಿಸಿದಾಗ ಬೆಂಗಳೂರಿಗೆ ಹೋಗಿ ಅಂದರಂತೆ. ಈ ಊರಿನ ಕ್ಯಾನ್ಸರ್ ಆಸ್ಪತ್ರೆಗಳ ಮುಂದೆ, ಅದರಲ್ಲೂ ಹೊಸೂರು ರಸ್ತೆಯ ಕಿದ್ವಾಯಿ ಮುಂದೆ ನಿಂತರೆ ಬೀದರಿನಿಂದ ಚಾಮರಾಜನಗರದ ತನಕ ಎಲ್ಲ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಇವರಿಗೆಲ್ಲ ದೊಡ್ಡ ಕಷ್ಟ ಔಷಧಿಯ ಖರ್ಚೊಂದೇ ಅಲ್ಲ. ಊರಿನಲ್ಲಾದರೆ ಕರೆದರೆ ಹತ್ತು ಜನ ಬರುತ್ತಾರೆ, ಇಲ್ಲಿ ಯಾರನ್ನು ಕರೆಯುವುದು?

ಮಧ್ಯೆ ಅವರು ಮೆತ್ತಗೆ, “ಅಕ್ಕಾರ, ಆಟೋದ ರೊಕ್ಕ...” ಅಂತ ಜೇಬಿಗೆ ಕೈ ಹಾಕಿದರು. ಬೇಡ ಅಂದೆ. ಇಲ್ಲಿ ಒಂದು ಮಾತು ಹೇಳಬೇಕು. ದುಡ್ಡು ತೆಗೆದುಕೊಂಡು ರಕ್ತ ಕೊಡುವುದು ನಮ್ಮ ದೇಶದಲ್ಲಿ ನಿಷೇಧ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ಅದನ್ನು ನಿಲ್ಲಿಸಿದರು. ದುಡ್ಡಿಗಾಗಿ ಕೊಡುವವರು ಕಾಯಿಲೆ ಮುಚ್ಚಿಡುತ್ತಾರೆ ಅನ್ನುವುದು ಮುಖ್ಯ ಕಾರಣ. ಹಾಗಿದ್ದರೂ ಆಸ್ಪತ್ರೆ ಗೇಟಿನ ಹತ್ತಿರ “ಡೋನರ್ ಬೇಕಾ ಸರ್” ಅಂತ ಸುಳಿದಾಡುವವರು ಸಿಗುತ್ತಾರೆ. ಪೇಷಂಟ್ ಕಡೆಯವರು ಎಷ್ಟೇ ಬೇಸತ್ತಿದ್ದರೂ ಅವರ ಸಹವಾಸ ಮಾಡಬಾರದು. “ಎಳನೀರು ಕೊಡಿಸಿ ಸಾಕು” ಅಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಎರಡು ತಂದರು.

ಕೊನೆಗೆ ನನ್ನ ಹೆಸರು ಕರೆದರು. ಎಲ್ಲ ಸರಿ, ಕೌಂಟ್ 2.68 ಲಕ್ಷ. “ಟಾಯ್ಲೆಟ್‌ಗೆ ಹೋಗಿ ಬಂದುಬಿಡಿ ಮೇಡಂ, ಆಮೇಲೆ ಎದ್ದೇಳೋ ಹಾಗಿಲ್ಲ” ಅಂದರು ಟೆಕ್ನಿಷಿಯನ್. ಇಡೀ ದಿನದಲ್ಲಿ ನನಗೆ ಸಿಕ್ಕಿದ ಅತ್ಯಂತ ಉಪಯುಕ್ತ ಸಲಹೆ ಇದು. ಅಷ್ಟು ನೀರು, ಅದರ ಮೇಲೆ ಎರಡು ಎಳನೀರು.

ಒಳಗೆ ಒರಗು ಕುರ್ಚಿ, ಪಕ್ಕದಲ್ಲಿ ಸೊಂಟದೆತ್ತರದ ಯಂತ್ರ. ಮೈತುಂಬ ಪ್ಲಾಸ್ಟಿಕ್ ಕೊಳವೆಗಳು, ಮೇಲೆ ತೂಗುಹಾಕಿದ ಚೀಲಗಳು, ಒಂದು ಸ್ಕ್ರೀನ್. ನನ್ನ ಎತ್ತರ, ತೂಕ, ಕೌಂಟ್ ಎಲ್ಲ ಅದಕ್ಕೆ ಹಾಕಿದರು. ಎಷ್ಟು ರಕ್ತ ಒಳಗೆ ಹಾಯಿಸಬೇಕು, ಎಷ್ಟು ಹೊತ್ತು ಬೇಕು ಅಂತ ಅದೇ ಲೆಕ್ಕ ಹಾಕಿ ತೋರಿಸಿತು. 78 ನಿಮಿಷ. ರಕ್ತ ಒಳಗೆ ಏನಾಗುತ್ತದೆ ಅಂತ ಕೇಳಿದ್ದಕ್ಕೆ ಟೆಕ್ನಿಷಿಯನ್ ಹೇಳಿದರು, “ಮೊಸರು ಕಡೆಯೋ ಹಾಗೇ ಮೇಡಂ. ಬೆಣ್ಣೆ ನಾವು ಇಟ್ಕೋತೀವಿ, ಮಜ್ಜಿಗೆ ನಿಮಗೇ ವಾಪಸ್.” ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅನ್ನುವುದು ಅವರು ಹೇಳಿದ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಅದಕ್ಕಿಂತ ಸರಿಯಾಗಿ ಹೇಳಲು ನನಗೂ ಬರುವುದಿಲ್ಲ. ಯಂತ್ರದೊಳಗೆ ರಕ್ತ ಜೋರಾಗಿ ಸುತ್ತುತ್ತದೆ, ಭಾರವಾದ ಕೆಂಪು ಕಣಗಳು ಹೊರ ಅಂಚಿಗೆ, ಹಗುರವಾದ ಪ್ಲಾಸ್ಮಾ ಒಳಗಡೆಗೆ. ನಡುವೆ ತೆಳ್ಳಗೆ ನಿಲ್ಲುವ ಪದರದಿಂದ ಪ್ಲೇಟ್‌ಲೆಟ್ ಎಳೆದುಕೊಂಡು ಉಳಿದದ್ದನ್ನು ಅದೇ ಸೂಜಿಯಲ್ಲಿ ವಾಪಸ್ ಕಳಿಸುತ್ತದೆ. ಕೆಲವು ಯಂತ್ರಗಳಲ್ಲಿ ಎರಡೂ ಕೈಗೆ ಸೂಜಿ, ಒಂದರಲ್ಲಿ ಹೊರಗೆ, ಇನ್ನೊಂದರಲ್ಲಿ ಒಳಗೆ. ಬೇಗ ಮುಗಿಯುತ್ತದೆ, ಆದರೆ ಎರಡೂ ಕೈ ಕಟ್ಟಿಹಾಕಿದ ಹಾಗೆ. ನನ್ನದು ಒಂದೇ ಸೂಜಿಯದು.

ಸೂಜಿ ನೋವಾಗುತ್ತದಾ? ಆಗುತ್ತದೆ. ಸೂಜಿ ದಪ್ಪ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಚುಚ್ಚುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ, ಆಮೇಲೆ ಕೈ ಅಲ್ಲಾಡಿಸದಿದ್ದರೆ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ.

ಮರೆಯಲಾಗದ್ದು ಬೇರೆ ಇದೆ. ರಕ್ತ ಹೊರಗೆ ಬರುವಾಗ ತೋಳಿನ ಪಟ್ಟಿ ಬಿಗಿಯುತ್ತದೆ, ಕೈಯಲ್ಲಿ ಕೊಟ್ಟ ಮೆತ್ತನೆಯ ಚೆಂಡನ್ನು ಹಿಸುಕುತ್ತಿರಬೇಕು. ವಾಪಸ್ ಬರುವಾಗ ಪಟ್ಟಿ ಸಡಿಲವಾಗುತ್ತದೆ, ಹಿಸುಕುವುದು ನಿಲ್ಲಿಸಬೇಕು. ಹೊರಗೆ ಸುತ್ತಾಡಿ ಬಂದ ರಕ್ತ ತಣ್ಣಗಾಗಿರುತ್ತದೆ. ತೋಳಿನೊಳಗೆ ಒಂದು ತಂಪು ಮೇಲಕ್ಕೆ ಹತ್ತುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಚಳಿ ಶುರುವಾಯಿತು. ಏಸಿ ಬೇರೆ. ಕಂಬಳಿ ಕೇಳಿದೆ, ಕೊಟ್ಟರು. ತುಂಬು ತೋಳಿನ ಸ್ವೆಟರ್ ಅಲ್ಲಿ ನಡೆಯುವುದಿಲ್ಲ. ಒಂದು ಶಾಲು, ಕಾಲಿಗೆ ಸಾಕ್ಸು ತಂದಿಟ್ಟುಕೊಳ್ಳಿ.

ಇಪ್ಪತ್ತು ನಿಮಿಷ ಆಗಿರಬೇಕು, ತುಟಿ ಜುಮ್ ಅನ್ನಲು ಶುರುವಾಯಿತು. ಮೊದಲು ತುಟಿ, ಆಮೇಲೆ ಮೂಗಿನ ತುದಿ, ಆಮೇಲೆ ಬೆರಳು. ಹೇಳಿದ ಕೂಡಲೇ ಟೆಕ್ನಿಷಿಯನ್ ವಾಪಸ್ ಬರುವ ವೇಗ ಕಡಿಮೆ ಮಾಡಿ, ಎರಡು ಕ್ಯಾಲ್ಸಿಯಂ ಮಾತ್ರೆ ಅಗಿಯಲು ಕೊಟ್ಟರು. ಐದು ನಿಮಿಷದಲ್ಲಿ ಇಳಿಯಿತು. ರಕ್ತ ಕೊಳವೆಯಲ್ಲಿ ಹೆಪ್ಪುಗಟ್ಟದಿರಲಿ ಅಂತ ಯಂತ್ರ ಅದಕ್ಕೆ ಸಿಟ್ರೇಟ್ ಬೆರೆಸುತ್ತದೆ. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆದರೆ ವಾಪಸ್ ಬರುವ ರಕ್ತದ ಜೊತೆ ಸ್ವಲ್ಪ ಸಿಟ್ರೇಟ್ ನಮ್ಮ ಮೈಗೂ ಬರುತ್ತದೆ, ಅಲ್ಲೂ ಅದೇ ಕೆಲಸ ಮಾಡುತ್ತದೆ. ಆ ಜುಮ್ ಅದರದ್ದು. ಮೈ ಬೇಗ ಅದನ್ನು ಕರಗಿಸಿಕೊಳ್ಳುತ್ತದೆ. ಹಾಲು ಯಾಕೆ ಕುಡಿಸಿದರು ಅಂತ ಆಗ ಗೊತ್ತಾಯಿತು. ಸುಮ್ಮನೆ ಸಹಿಸಿಕೊಂಡು ಕೂರುವ ಧೈರ್ಯವಂತರು ಇರುತ್ತಾರೆ, ಅದು ಬೇಡ. ತುಟಿಯಲ್ಲಿ ಶುರುವಾದಾಗಲೇ ಹೇಳಿದರೆ ಸುಲಭ, ಬಿಟ್ಟರೆ ಕೈ ಬೆರಳು ಸೆಡೆತುಕೊಳ್ಳುವ ತನಕ ಹೋಗಬಹುದು.

ಇನ್ನು ಮೂಗಿನ ತುರಿಕೆ. ಇದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ. ಒಂದು ಕೈ ಅಲ್ಲಾಡಿಸಬೇಡಿ ಅಂದ ಕೂಡಲೇ ಶುರುವಾಗುತ್ತದೆ, ಅಷ್ಟೇ. ಎಡಗೈ ಇದೆ, ಆದರೆ ಆ ಕೈಯಲ್ಲಿ ಫೋನು. ಒಂದು ಸಲ ಫೋನ್ ಜಾರಿ ಕಂಬಳಿಯೊಳಗೆ ಹೋಯಿತು. ಅದನ್ನು ಹುಡುಕಲು ಸ್ವಲ್ಪ ಹೊರಳಿದೆ, ಯಂತ್ರ ಕೀ ಕೀ ಅಂತ ಕೂಗಿಕೊಂಡಿತು. ಹೆದರಬೇಕಾಗಿಲ್ಲ. ರಕ್ತದ ಹರಿವು ಸ್ವಲ್ಪ ಕಡಿಮೆಯಾದರೂ ಅದು ಕೂಗುತ್ತದೆ, ಸಿಬ್ಬಂದಿ ಬಂದು ಸೂಜಿ ಸರಿ ಮಾಡುತ್ತಾರೆ.

ಕೂತು ಕೂತು ಬೇಜಾರಾಗಿ ಆ ಯಂತ್ರದ ಬಗ್ಗೆಯೇ ಫೋನಿನಲ್ಲಿ ಓದಿದೆ. ಜಾರ್ಜ್ ಜಡ್ಸನ್ ಅಂತ ಅಮೆರಿಕದ ಐಬಿಎಂ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಇದ್ದ. 1962ರಲ್ಲಿ ಅವನ ಹದಿಹರೆಯದ ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ. ರಕ್ತದ ಕಣಗಳನ್ನು ಬೇರ್ಪಡಿಸಲು ಡಾಕ್ಟರುಗಳು ಪಡುತ್ತಿದ್ದ ಪಾಡು ನೋಡಿ, ಇದಕ್ಕೊಂದು ಯಂತ್ರ ಮಾಡಬಹುದಲ್ಲಾ ಅಂತ ಅವನಿಗನ್ನಿಸಿತು. ಅಲ್ಲಿ ಎಮಿಲ್ ಫ್ರೈರೈಕ್ ಅನ್ನುವ ಡಾಕ್ಟರ್ ಜೊತೆ ಸೇರಿ, ರಕ್ತ ನಿಲ್ಲದೆ ಹರಿಯುತ್ತಿರುವಾಗಲೇ ಸುತ್ತಿಸಿ ಬೇರ್ಪಡಿಸುವ ಯಂತ್ರ ಮಾಡಿದ. 1965ರ ಹೊತ್ತಿಗೆ ಅದು ಕೆಲಸಕ್ಕೆ ಬಂತು. ಅವರಿಗೆ ಆಗ ಬೇಕಾಗಿದ್ದದ್ದು ಬಿಳಿ ರಕ್ತಕಣ. ಪ್ಲೇಟ್‌ಲೆಟ್‌ಗೆ ಅದೇ ದಾರಿ ಆಮೇಲೆ ಉಪಯೋಗಕ್ಕೆ ಬಂತು. ಕಂಪ್ಯೂಟರ್ ಕಂಪನಿಯೊಂದು ರಕ್ತದ ಯಂತ್ರ ಮಾಡಿದ್ದು ಯಾಕೆ ಅಂದರೆ, ಅಲ್ಲೊಬ್ಬ ಅಪ್ಪ ಕೆಲಸ ಮಾಡುತ್ತಿದ್ದ. ಹೊರಗೆ ಬೆಂಚಿನ ಅಂಚಿನಲ್ಲಿ ಕೂತಿದ್ದವರಿಗೆ ಈ ಕಥೆ ಹೇಳಲು ಹೋಗಲಿಲ್ಲ. ಅವರ ಕೈಯಲ್ಲಿ ಇದ್ದದ್ದು ನೋಟ್‌ಬುಕ್ಕು, ಅವರ ಪ್ರಯತ್ನ ಅದರಲ್ಲಿತ್ತು.

78 ನಿಮಿಷ ಅಂದದ್ದು 90ರ ಹತ್ತಿರ ಆಯಿತು, ನಡುವೆ ನಿಧಾನ ಮಾಡಿದ್ದರಲ್ಲ. ಕೊನೆಗೆ ಉಳಿದ ರಕ್ತವನ್ನೆಲ್ಲ ಕೈಗೆ ವಾಪಸ್ ಕಳಿಸಿ ಸೂಜಿ ತೆಗೆದರು. ಚೀಲ ತೋರಿಸಿ ಅಂದೆ. ತಿಳಿ ಹಳದಿ, ಸ್ವಲ್ಪ ಮಂಕು, ಕಾಲು ಲೀಟರಿನಷ್ಟು. ನಾನು ಕೆಂಪಗಿರುತ್ತದೆ ಅಂದುಕೊಂಡಿದ್ದೆ. ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ಒಳಗೆ ಮೋಡ ಮೋಡವಾಗಿ ಸುಳಿಯುತ್ತಿತ್ತು. ಹಾಗೆ ಸುಳಿದರೆ ಪ್ಲೇಟ್‌ಲೆಟ್ ಚೆನ್ನಾಗಿದೆ ಅಂತ ಅರ್ಥವಂತೆ.

ಆಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿಸಿ ಜ್ಯೂಸ್, ಬಿಸ್ಕತ್ತು ಕೊಟ್ಟರು. ತಲೆ ಸುತ್ತಲಿಲ್ಲ. ಮಾಮೂಲಿ ರಕ್ತದಾನದ ನಂತರ ಒಂದೆರಡು ದಿನ ಮೆಟ್ಟಿಲು ಹತ್ತುವಾಗ ನನಗೆ ಏದುಸಿರು ಬರುತ್ತಿತ್ತು, ಇದರಲ್ಲಿ ಅದೂ ಇಲ್ಲ. ಕೆಂಪು ಕಣಗಳೆಲ್ಲ ವಾಪಸ್ ಬಂದಿರುತ್ತವಲ್ಲ. ಸಂಜೆ ಬೇಗ ನಿದ್ದೆ ಬಂತು, ಅಷ್ಟೇ. ಆ ಕೈಯಲ್ಲಿ ಅವತ್ತು ನೀರಿನ ಬಿಂದಿಗೆ, ತರಕಾರಿ ಚೀಲ ಎತ್ತಬಾರದು. ಸೂಜಿ ಚುಚ್ಚಿದ ಕಡೆ ಕಟ್ಟಿದ ಪಟ್ಟಿ ಕೆಲವು ಗಂಟೆ ಬಿಚ್ಚಬಾರದು. ಆಮೇಲೊಮ್ಮೆ ನನ್ನ ಜೊತೆ ಬಂದ ಆಫೀಸಿನ ಗೆಳತಿಗೆ ಸೂಜಿ ಸ್ವಲ್ಪ ಸರಿದು ಮೊಣಕೈ ಹತ್ತಿರ ನೀಲಿಗಟ್ಟಿತ್ತು. ನೋಡಿದವರೆಲ್ಲ ಗಾಬರಿಯಾದರು. ಮೊದಲ ದಿನ ಐಸ್ ಇಟ್ಟಳು, ಹಸಿರಾಗಿ, ಹಳದಿಯಾಗಿ, ತಾನಾಗಿ ಹೋಯಿತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಯಂತ್ರಕ್ಕೆ ಹಾಕಿ ರಕ್ತ ತೆಗೆದ್ರಾ? ನಿನಗೇನು ಬುದ್ಧಿ ಇದೆಯಾ? ನಿಶ್ಶಕ್ತಿ ಆಗಲ್ವಾ?” ಅಂದಳು. ತೆಗೆದ ಪ್ಲೇಟ್‌ಲೆಟ್ ಕೆಲವೇ ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದಮ್ಮ ಅಂದೆ. ನಂಬಲಿಲ್ಲ. ಮುಂದಿನ ವಾರ ಊರಿಂದ ರಾಗಿ ಹುರಿಹಿಟ್ಟು, ಕೊಬ್ಬರಿ, ಬೆಲ್ಲ ಬಂತು. ಅದಕ್ಕೆ ನನ್ನ ತಕರಾರಿಲ್ಲ.

ಮಾರನೇ ದಿನ ಹುಡುಗನ ಅಪ್ಪನ ಮೆಸೇಜ್ ಬಂತು, ಕೌಂಟ್ 52 ಸಾವಿರ. ಒಂದು ವಾರ ಕಳೆಯುವಷ್ಟರಲ್ಲಿ ಮತ್ತೆ ಇಳಿದಿತ್ತು, ಮತ್ತೆ ಬೇರೆ ದಾನಿಯನ್ನು ಹುಡುಕುತ್ತಿದ್ದರು. ಇದು ಹೀಗೇ. ಏರಿಸಿದ ಪ್ಲೇಟ್‌ಲೆಟ್ ಕೆಲವು ದಿನ ಕಾಯುತ್ತದೆ, ಮಜ್ಜೆ ಚೇತರಿಸಿಕೊಳ್ಳುವ ತನಕ ಮತ್ತೆ ಮತ್ತೆ ಬೇಕು.

ಎಲ್ಲ ಕಡೆಯೂ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಒಬ್ಬ ಪೇಷಂಟಿಗೆ ನಾವು ಮೂರು ಜನ ಹೋಗಿದ್ದೆವು. ಮೂವರ ಸ್ಯಾಂಪಲ್ಲೂ ತೆಗೆದರು. ಒಬ್ಬರನ್ನು ಒಳಗೆ ಕರೆದರು. ಉಳಿದ ಇಬ್ಬರಿಗೆ ನೀವು ಹೋಗಬಹುದು ಅಂತ ಹೇಳುವವರೇ ಇಲ್ಲ. ಮಧ್ಯಾಹ್ನ ಕೌಂಟರಿನಲ್ಲಿ ಹೋಗಿ ಕೇಳಿದರೆ “ನೀವಿನ್ನೂ ಇದ್ದೀರಾ?” ಅನ್ನಬೇಕೆ! ಜೊತೆಗಿದ್ದ ಹುಡುಗ ಡೆಲಿವರಿ ಕೆಲಸದವನು, ಅವತ್ತಿನ ದುಡಿಮೆ ಬಿಟ್ಟು ಬಂದಿದ್ದ. ಅವನು ಮತ್ತೆ ಬರುತ್ತಾನೆ ಅಂತ ನನಗನ್ನಿಸುವುದಿಲ್ಲ. ದಾನಿಗಳು ಸಿಗುವುದಿಲ್ಲ ಅಂತ ದೂರುವ ಮೊದಲು ಬಂದವರಿಗೆ ಒಂದು ಮಾತು ಹೇಳಿ ಕಳಿಸುವುದನ್ನು ಕಲಿಯಬೇಕು.

ನಿಯಮದ ಪ್ರಕಾರ ಎರಡು ಪ್ಲೇಟ್‌ಲೆಟ್ ದಾನದ ನಡುವೆ 48 ಗಂಟೆ ಅಂತರ ಸಾಕು. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಇಲ್ಲ, ವರ್ಷಕ್ಕೆ 24 ಸಲಕ್ಕಿಂತ ಜಾಸ್ತಿ ಇಲ್ಲ. ಕಾಗದದ ಮೇಲೆ ಸರಿ. ಕೆಲಸ, ಮನೆ ನೋಡಿಕೊಳ್ಳುವವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಆದರೂ ದೊಡ್ಡದು. ಆಫೀಸಿನಲ್ಲಿ ರಕ್ತದಾನ ಶಿಬಿರ ಇದೆ ಅಂದರೆ ಪ್ಲೇಟ್‌ಲೆಟ್ ಕೊಟ್ಟು 28 ದಿನ ಆಗಿದೆಯಾ ಅಂತ ನೋಡಿಕೊಳ್ಳಿ. ಕೆಲವು ಸಲ ಯಂತ್ರ ನಡುವೆ ನಿಂತು ಕೊಳವೆಯಲ್ಲಿದ್ದ ರಕ್ತ ವಾಪಸ್ ಬರದೇ ಹೋಗಬಹುದು. ಹಾಗಾಗಿದ್ದರೆ 90 ದಿನ ಕಾಯಬೇಕು, ಅವರೇ ಹೇಳುತ್ತಾರೆ.

ವಾಟ್ಸ್‌ಆ್ಯಪ್ ಮೆಸೇಜಿಗೆ ಕಾಯುವುದಕ್ಕಿಂತ ಒಂದು ಬ್ಲಡ್ ಬ್ಯಾಂಕಿನಲ್ಲಿ ಹೆಸರು, ನಂಬರು ಕೊಟ್ಟು ಬರುವುದು ಮೇಲು. ಬೇಕಾದಾಗ ಅವರೇ ಕರೆಯುತ್ತಾರೆ, ಆ ದಿನ ಆಗದಿದ್ದರೆ ಆಗಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹತ್ತಿರದ ಬ್ಲಡ್ ಬ್ಯಾಂಕು ಯಾವುದು ಅಂತ ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಎಲ್ಲ ಬ್ಲಡ್ ಬ್ಯಾಂಕಿನಲ್ಲೂ ಈ ಯಂತ್ರ ಇರುವುದಿಲ್ಲ, ಇದ್ದ ಕಡೆಯೂ ಭಾನುವಾರ ನಡೆಸದಿರಬಹುದು. ಎಷ್ಟು ಹೊತ್ತಿಗೆ ಸ್ಯಾಂಪಲ್ ಕೊಟ್ಟರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಫೋನಿನಲ್ಲೇ ಕೇಳಿಕೊಂಡು ಹೊರಡಿ. ಕೆಲವು ಕಡೆ ಹಿಂದಿನ ಸಂಜೆ ಸ್ಯಾಂಪಲ್ ಕೊಟ್ಟು ಹೋದರೆ ಮಾರನೇ ಬೆಳಿಗ್ಗೆ ನೇರ ಕುರ್ಚಿಗೆ. ನಮ್ಮ ಏರಿಯಾದಲ್ಲಿ ಯಂತ್ರ ಇಲ್ಲ, ಹಾಗಾಗಿ ನನಗೆ ಎರಡು ಬಸ್ಸು ಬದಲಿಸಬೇಕು. ನಾನು ಈಗ ಸಂಜೆಯೇ ಆಫೀಸಿನಿಂದ ಹೋಗಿ ಸ್ಯಾಂಪಲ್ ಕೊಟ್ಟುಬಿಡುತ್ತೇನೆ.